ಬಿಳಿಯುಟ್ಟವ್ವನ ಗುಡ್ಡ

ಡೋಣಿ ಹೊಳೆಯ ತೆಂಕಣ ದಂಡೆಗೆ ಮಾಳಗೂರು ಎಂಬ ಊರಿದೆ. ಬಸ್ಸಿನಿಂದ ಇಳಿದು ಪಡುವಣಕ್ಕೆ ಮುಖ ಮಾಡಿ ನಿಂತರೆ ಎರೆಹೊಲಗಳ ನಡುವೆ ಒಂದು ಸಣ್ಣ ಗುಡ್ಡ ಕಾಣುತ್ತದೆ. ಬೇರೆ ಸೀಮೆಯವರು ಅದನ್ನು ಗುಡ್ಡವೆಂದು ಒಪ್ಪುವುದಿಲ್ಲ, ದಿಬ್ಬ ಎಂದಾರು. ಸುತ್ತ ಹರದಾರಿಗಟ್ಟಲೆ ನೆಲ ಅಂಗೈಯಂತೆ ಹರಡಿಕೊಂಡಿರುವ ನಮ್ಮ ಸೀಮೆಯಲ್ಲಿ ಅಷ್ಟು ಎತ್ತರವಿದ್ದರೆ ಸಾಕು, ಅದು ಗುಡ್ಡವೇ. ಅದರ ಬುಡದಲ್ಲಿ ಕರಿಕಲ್ಲಿನ ಒಂದು ಕೋಣೆಯಿದೆ. ಚೌಕಟ್ಟು ಇಂದಿಗೂ ಗಟ್ಟಿಯಾಗಿದೆ, ಬಾಗಿಲು ಮಾತ್ರ ಇಲ್ಲ. ಒಳಗೆ ಮೂರು ಗೋಡೆಗೂ ಕಲ್ಲಿನ ಹಲಗೆಗಳು, ಅವುಗಳ ಮೇಲೆ ಮಡಿಸಿಟ್ಟ ಬಿಳಿ ಬಟ್ಟೆ. ಕಾವಲಿಗೆ ಯಾರೂ ಇಲ್ಲ. ಯಾರಿಗೆ ಬೇಕೋ ಅವರು ಒಯ್ಯುತ್ತಾರೆ, ಯಾರಿಗೆ ಕೈಲಾಗುತ್ತದೋ ಅವರು ತಂದಿಡುತ್ತಾರೆ. ಚೌಕಟ್ಟಿನ ಬಲಕ್ಕೆ ಪಾರಸಿ ಅಕ್ಷರ ಕೆತ್ತಿದ ಒಂದು ಕಲ್ಲು ಗೋಡೆಯಲ್ಲಿ ಕೂತಿದೆ. ಗುಡ್ಡದ ನೆತ್ತಿಯ ಮೇಲೆ ಸುಣ್ಣ ಬಳಿದ ಒಂದೇ ಒಂದು ಗೋರಿ. ಈ ಗುಡ್ಡಕ್ಕೆ ಬಿಳಿಯುಟ್ಟವ್ವನ ಗುಡ್ಡ ಎಂದು ಹೆಸರು.

ಹೆಸರಿನ ಬಗ್ಗೆ ಬಾಯಿಗೆ ಬಂದಂತೆ ಹೇಳುವವರಿಗೆ ಕೊರತೆಯಿಲ್ಲ. ಸುಣ್ಣದ ಕಲ್ಲು ಸಿಗುತ್ತಿದ್ದುದರಿಂದ ಆ ಹೆಸರು ಬಂತೆಂದು ಶಾಲೆಯ ಮಾಸ್ತರೊಬ್ಬರು ಮಕ್ಕಳಿಗೆ ಬರೆಸಿದರು. ಆ ಗುಡ್ಡವನ್ನು ಎಷ್ಟು ಅಗೆದರೂ ಕರಿಕಲ್ಲಲ್ಲದೆ ಬೇರೇನೂ ಸಿಗುವುದಿಲ್ಲ. ಮಾಸ್ತರು ಅಗೆದು ನೋಡಿದವರಲ್ಲ. ಇನ್ನು ಕೆಲವರು ಯಾವುದೋ ಬಿಳಿಸೀರೆಯ ಶಕ್ತಿದೇವತೆಯನ್ನು ತಂದು ಅಲ್ಲಿ ಕೂರಿಸುತ್ತಾರೆ. ಅವ್ವ ದೇವತೆಯಲ್ಲ. ಅವಳು ಉಟ್ಟದ್ದು ಸೀರೆಯೂ ಅಲ್ಲ. ಊರಿನ ಹಳೆಯ ಹೆಂಗಸರು ಈ ಕತೆಯನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ. ಅವರು ಹೇಳಿದ್ದನ್ನೇ ಇಲ್ಲಿ ಬರೆದಿದೆ.

ಹಿಂದೆ ಒಮ್ಮೆ, ಬಾದಶಹರ ಕಾಲದಲ್ಲಿ, ಯಾಕೂಬ ಎಂಬ ಅರಳೆಯ ಸೌದಾಗರನಿದ್ದನಂತೆ. ಅವನ ತಮ್ಮ ಪರವೂರಿನ ಹಾದಿಯಲ್ಲಿ ಜ್ವರ ಬಂದು ಸತ್ತ. ಗುರುತು ಹಿಡಿಯುವವರಿಲ್ಲದೆ, ದಾರಿಹೋಕರು ಅವನನ್ನು ಒಂದು ಹರಕು ಗೋಣಿಯಲ್ಲಿ ಸುತ್ತಿ ಹೂಳಿದರು. ಸುದ್ದಿ ಕೇಳಿದ ಯಾಕೂಬನಿಗೆ ತಮ್ಮ ಸತ್ತದ್ದಕ್ಕಿಂತ ಆ ಗೋಣಿಯೇ ಹೆಚ್ಚು ಕಾಡಿತು ಎನ್ನುತ್ತಾರೆ. ಅವನು ಮಾಳಗೂರಿನ ಒಂದು ಎರೆಹೊಲವನ್ನೂ ನಾಲ್ಕು ಮಗ್ಗಗಳನ್ನೂ ವಕ್ಫ್ ಮಾಡಿದ, ಅಂದರೆ ದೇವರ ಹೆಸರಿನಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟ. ಆ ಹೊಲದ ಹತ್ತಿಯಿಂದ ಆ ಮಗ್ಗಗಳಲ್ಲಿ ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆ ನೇಯಬೇಕು, ದಿಕ್ಕಿಲ್ಲದೆ ಸತ್ತವರು ಯಾವ ಜಾತಿಯವರಾದರೂ ಅದನ್ನು ಹೊದಿಸಿ ಮಣ್ಣಿಗೆ ಕಳಿಸಬೇಕು. ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು. ವಕ್ಫಿನ ಕಾನೂನು ಹೀಗಿದೆ: ಕೊಟ್ಟವನು ಹಾಕಿದ ಷರತ್ತು ಧರ್ಮಶಾಸ್ತ್ರದ ಮಾತಿನಷ್ಟೇ ಗಟ್ಟಿ, ಆಮೇಲೆ ಬಂದವರು ಅದನ್ನು ತಿದ್ದುವಂತಿಲ್ಲ. ಯಾಕೂಬ ತನ್ನ ಷರತ್ತನ್ನು ಕಲ್ಲಿನಲ್ಲಿ ಕೆತ್ತಿಸಿದ. ಕಡೆಯ ಸಾಲಿನಲ್ಲಿ ಒಂದು ಶಾಪವನ್ನೂ ಇಟ್ಟ. ಇದು ಸತ್ತವರ ಪಾಲು. ಇದನ್ನು ಬದುಕಿರುವವರ ಮೈಗೆ ಹಾಕಿದವರಿಗೆ, ಕಿಯಾಮತ್ತಿನ ದಿನ ಗೋರಿಯಿಂದ ಬೆತ್ತಲೆಯಾಗಿ ಎದ್ದ ಮನುಷ್ಯರಿಗೆಲ್ಲ ದೇವರು ಉಡುಗೆ ಕೊಡುವಾಗ, ಅವರೊಬ್ಬರಿಗೆ ಸಿಗದಿರಲಿ. ತಮ್ಮನ ಗೋಣಿಯನ್ನು ಮರೆಯದವನು ಬರೆಸಿದ ಮಾತು ಅದು. ಮುಂದೊಂದು ದಿನ ಅದು ಯಾರ ಕೊರಳಿಗೆ ಬೀಳುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ತಲೆಮಾರುಗಳು ಕಳೆದವು. ಕೋಣೆಯ ಕೀಲಿ ಕೈಯಿಂದ ಕೈಗೆ ಬಂದು ಹಸನಸಾಬನೆಂಬವನ ಮನೆಯಲ್ಲಿ ನಿಂತಿತು. ಹಸನಸಾಬ ಸಾಯುವಾಗ ಆ ಕೀಲಿಯನ್ನು ಹೆಂಡತಿ ಪೀರಾಂಬಿಯ ಅಂಗೈಯಲ್ಲಿಟ್ಟು, ಕಲ್ಲು ಹೇಳಿದಂತೆ ನಡೆಯುತ್ತೇನೆಂದು ಆಣೆ ಮಾಡಿಸಿಕೊಂಡ. ಪೀರಾಂಬಿಗೆ ಓದು ಬರದು. ಆದರೆ ಕಲ್ಲಿನ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಸುತ್ತಲಿನ ಹಾದಿಯಲ್ಲಿ ಯಾರೇ ಅನಾಥರಾಗಿ ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ಕಫನ್ನಿಗೆ ಕತ್ತರಿ ಹಾಕುವುದಿಲ್ಲ, ಸೂಜಿ ತಾಗಿಸುವುದಿಲ್ಲ. ಅಂಚನ್ನು ಹಲ್ಲಿನಿಂದ ಕಚ್ಚಿ ಕೈಯಿಂದ ಹರಿಯುವುದು ಅವರ ಪದ್ಧತಿ. ಪೀರಾಂಬಿ ಬಟ್ಟೆ ಹರಿಯುವ ಪರ್ರೆಂಬ ಸದ್ದು ಕೇಳಿದರೆ ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಅವಳ ಸ್ವಂತ ಕಫನ್ನೂ ಸಿದ್ಧವಿತ್ತು. ಹಜ್ಜಿಗೆ ಹೋದವರೊಬ್ಬರು ಮಕ್ಕಾದ ಜಮ್‌ಜಮ್ ನೀರಿನಲ್ಲಿ ಅದ್ದಿ ತಂದುಕೊಟ್ಟದ್ದು. ಪೆಟ್ಟಿಗೆಯ ತಳದಲ್ಲಿ ಕರ್ಪೂರದ ಜೊತೆ ಮಡಿಸಿಟ್ಟಿದ್ದಳು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ತನಗೆ ಆ ಕಡೆಯ ಚಿಂತೆಯಿಲ್ಲವೆಂದು ನೆಮ್ಮದಿಯಿಂದ ಮತ್ತೆ ಮಡಿಸಿಡುತ್ತಿದ್ದಳು.

ಆಮೇಲೆ ಕಾಲ ಕೆಟ್ಟಿತು. ಒಂದು ರಾಜ್ಯ ಬಿದ್ದಿತ್ತು, ಇನ್ನೊಂದು ಎದ್ದಿರಲಿಲ್ಲ. ನಡುವಿನ ಆ ಹೊತ್ತಿನಲ್ಲಿ ಕುದುರೆಯಿದ್ದವನೇ ದೊರೆ. ಮುಂಗಾರಿ ಸುಗ್ಗಿ ಮುಗಿಯುತ್ತಲೇ ಲೂಟಿಯ ದಂಡು ಹೊಳೆಯಗುಂಟ ಊರೂರನ್ನೂ ಸುಲಿಯುತ್ತ ಬಂತು. ಕಾಳು ಹೋಯಿತು, ದನ ಹೋಯಿತು. ಮಗ್ಗಗಳನ್ನು ಒಡೆದು ಚಳಿ ಕಾಯಿಸಿಕೊಂಡರು, ಮನೆಮನೆಯ ಬಾಗಿಲನ್ನು ಕಿತ್ತು ಅಡಿಗೆಗೆ ಉರಿಹಾಕಿದರು. ಪೆಟ್ಟಿಗೆಯ ಸೀರೆಗಳು ಸಾಲದೆ ಮೈಮೇಲಿನ ಬಟ್ಟೆಯನ್ನೂ ಎಳೆದುಕೊಂಡರು ಎನ್ನುತ್ತಾರೆ. ಗುಡ್ಡದ ಬುಡದ ಕೋಣೆಯನ್ನೂ ತೆರೆಸಿದರು. ಒಳಗೆ ಸೂರಿನವರೆಗೆ ಬಿಳಿ ಬಟ್ಟೆ ಕಂಡು ಹಿಗ್ಗಿದವರಿಗೆ ಅದು ಏನೆಂದು ಯಾರೋ ಹೇಳಿದರು. ಮುಟ್ಟಿದವನು ಕೈಯನ್ನು ಅಂಗಿಗೆ ಒರೆಸಿಕೊಂಡು ಹಿಂದೆ ಸರಿದ. ಅವರೇ ಬಾಗಿಲು ಮುಚ್ಚಿ ಹೋದರು. ಪೀರಾಂಬಿಯ ಪೆಟ್ಟಿಗೆಯಲ್ಲಿ ಕರ್ಪೂರ ಮೂಗಿಗೆ ಬಡಿದಾಗಲೂ ಹಾಗೇ ಆಯಿತು. ಹೀಗೆ ಆ ಮಾಗಿಯಲ್ಲಿ ಮಾಳಗೂರಿನಲ್ಲಿ ಉಳಿದದ್ದು ಜನರ ಮೈಮೇಲಿನ ಒಂದೊಂದು ಅರಿವೆ ಮತ್ತು ಹೆಣಗಳ ಪಾಲಿನ ಆ ಬಟ್ಟೆ, ಅಷ್ಟೆ.

ಹೊಳೆಯ ಆಚೆಯ ಹಳ್ಳಿಗಳ ಗತಿ ಇದಕ್ಕಿಂತ ಕಡೆ. ಅಲ್ಲಿ ಗಂಡಸರನ್ನು ಕೊಂದಿದ್ದರು, ಹೆಂಗಸರ ಮೈಯ ಮೇಲೆ ನೂಲು ಬಿಟ್ಟಿರಲಿಲ್ಲ. ಅವರು ಕತ್ತಲಾದ ಮೇಲೆ ಹೊಳೆ ದಾಟಿ ಬಂದು ಗುಡ್ಡದ ಹಿಂಬದಿಯ ಗವಿಯಲ್ಲಿ ಅಡಗಿಕೊಂಡರು. ಮಾಳಗೂರಿನ ಗೌಡರ ಒಂದು ಹಗೇವು, ನೆಲದೊಳಗಿನ ಜೋಳದ ಕಣಜ, ಲೂಟಿಯವರ ಕಣ್ಣಿಗೆ ಬಿದ್ದಿರಲಿಲ್ಲ. ಗೌಡರೂ ಊರಿನ ಕಾಜಿ ನೂರುಲ್ಲಾ ಸಾಹೇಬರೂ ಕೂಡಿ ಮಸೀದಿಯ ಅಂಗಳದಲ್ಲಿ ಹಂಡೆ ಇಡಿಸಿ ಅಂಬಲಿ ಕಾಸಿದರು. ಗಟ್ಟಿಮುಟ್ಟಾದವರು ಮನೆಯಲ್ಲಿಲ್ಲದವರ ಹೆಸರು ಹೇಳಿ ಗಡಿಗೆಗಟ್ಟಲೆ ಒಯ್ಯತೊಡಗಿದಾಗ, ಎದುರಿಗೆ ಬಂದು ನಿಂತವರಿಗೆ ಮಾತ್ರ ಎಂದು ನಿಯಮ ಮಾಡಬೇಕಾಯಿತು. ನಿಯಮ ನ್ಯಾಯವಾದದ್ದೇ. ಆದರೆ ಗವಿಯ ಹೆಂಗಸರು ಎದುರಿಗೆ ಬಂದು ನಿಲ್ಲುವುದು ಹೇಗೆ? ಗುರವ್ವ ಎಂಬ ಹೆಂಗಸಿಗೂ ಅವಳ ಮಗಳು ನೀಲವ್ವನಿಗೂ ಸೇರಿ ಒಂದು ಹರಕು ಸೀರೆಯಿತ್ತು. ಒಬ್ಬಳು ಅದನ್ನುಟ್ಟು ಅಂಬಲಿಗೆ ಇಳಿದರೆ ಇನ್ನೊಬ್ಬಳು ಗವಿಯ ಕತ್ತಲಲ್ಲಿ ಮಂಡಿ ಕಟ್ಟಿಕೊಂಡು ಕೂತಿರುತ್ತಿದ್ದಳು. ಉಳಿದವರಿಗೆ ಅದೂ ಇರಲಿಲ್ಲ.

ಪೀರಾಂಬಿ ಇದನ್ನು ಕಂಡದ್ದು ಆಕಸ್ಮಿಕವಾಗಿ. ಗವಿಯ ಕಡೆಯಿಂದ ಕೂಸಿನ ಅಳು ಕೇಳಿ ಹತ್ತಿದಳು. ಹೆಜ್ಜೆಯ ಸಪ್ಪಳಕ್ಕೆ ಒಳಗಿನವರೆಲ್ಲ ಒಬ್ಬರ ಹಿಂದೊಬ್ಬರು ಅವಿತರು. ಬಂದವಳು ಮುದುಕಿ ಎಂದು ತಿಳಿದ ಮೇಲೆಯೇ ಗುರವ್ವ ಮಾತಾಡಿದ್ದು. ಪೀರಾಂಬಿ ಮನೆಗೆ ಓಡಿ ಇದ್ದ ಹಳೆಯ ಕೌದಿಯನ್ನು ತಂದು ಕೂಸಿನ ತಾಯಿಗೆ ಕೊಟ್ಟಳು. ಓಣಿಯಲ್ಲಿ ಮನೆಮನೆಗೆ ಹೋಗಿ ಬೇಡಿದಳು. ಒಂದು ಪಂಜೆಯ ತುಂಡು ಸಿಕ್ಕಿತು, ಒಂದು ಚೀಲ ಸಿಕ್ಕಿತು. ಕೊಡಲು ಯಾರ ಬಳಿ ಏನಿತ್ತು? ಒಂದು ಗಡಿಗೆ ಅಂಬಲಿಯನ್ನು ತಲೆಯ ಮೇಲಿಟ್ಟು ಹತ್ತುವಾಗ ದಾರಿಯಲ್ಲಿ ಹಸಿದವರು ಮುತ್ತಿ ಗಡಿಗೆಯನ್ನೇ ಕೆಡವಿದರು. ಮಣ್ಣಿಗೆ ಬಿದ್ದ ಅಂಬಲಿಯನ್ನು ಅವರು ಬಾಚಿ ತಿನ್ನುವುದನ್ನು ನೋಡಿ ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಸೊಂಟದಲ್ಲಿ ಕೀಲಿ ಒತ್ತುತ್ತಿತ್ತು. ಅಷ್ಟು ವರ್ಷ ಅದು ಅಲ್ಲಿರುವುದೇ ಅವಳಿಗೆ ನೆನಪಿರುತ್ತಿರಲಿಲ್ಲ, ಈಗ ಕೂತರೂ ನಿಂತರೂ ಅದೇ ಚುಚ್ಚುತ್ತಿತ್ತು.

ಅವಳು ಕಾಜಿಯ ಬಳಿಗೆ ಹೋದಳು. ನೂರುಲ್ಲಾ ಸಾಹೇಬರು ಕಟುಕರಲ್ಲ. ತಮ್ಮ ಪಾಲಿನ ಅಂಬಲಿಯಲ್ಲಿ ಅರ್ಧವನ್ನು ಬೇರೆಯವರಿಗೆ ಸುರಿದು, ಹೊಟ್ಟೆಗೆ ಪಂಜೆ ಬಿಗಿದು ಕೂತವರು. ಕೋಣೆಯ ಬಟ್ಟೆಯನ್ನು ಗವಿಯವರಿಗೆ ಕೊಡಲೇ ಎಂದು ಅವಳು ಕೇಳಿದ್ದನ್ನು ಕಡೆಯವರೆಗೆ ಆಲಿಸಿದರು.

“ಆಪಾ, ಕೊಟ್ಟವರು ಹಾಕಿದ ಷರತ್ತ ಮುರಿಯಾಕ ನನಗ ಅಧಿಕಾರ ಇಲ್ಲ,” ಎಂದರು. “ಇವತ್ತ ನಾನು ಕರುಣೆ ಅಂತ ಮುರಿದ್ರ, ನಾಳೆ ಇನ್ನೊಬ್ಬ ಆಸೆಕ್ಕ ಮುರೀತಾನ, ನನ್ನ ಹೆಸರು ಹೇಳ್ತಾನ. ಕಾಲ ಹಿಂಗ ಕೆಟ್ಟಾಗ ಬಡವರ ಪಾಲಿಗೆ ಉಳಿಯೋದು ಈ ಷರತ್ತ ಒಂದ. ಲೂಟಿಯವರು ಸೈತ ಕೈ ಹಚ್ಚಲಿಲ್ಲ ನೋಡ್ರಿ.”

“ಲೂಟಿಯವರು ಹೆಣಕ್ಕ ಅಂಜಿದ್ರು, ಸಾಬ್,” ಎಂದಳು ಪೀರಾಂಬಿ. “ನಾವು ಯಾರಿಗೆ ಅಂಜಾಕತ್ತೀವಿ?”

ಕಾಜಿ, ಕಿತಾಬು ನೋಡಿ ಹೇಳುತ್ತೇನೆ, ಸ್ವಲ್ಪ ತಡೆಯಿರಿ ಎಂದಷ್ಟೇ ಕೇಳಿಕೊಂಡರು. ಅವರ ಕಿತಾಬುಗಳಲ್ಲಿ ಅರ್ಧ ದಂಡಿನವರ ಒಲೆ ಸೇರಿದ್ದವು. ಉಳಿದ ಸುಟ್ಟಂಚಿನ ಹಾಳೆಗಳನ್ನು ಮುಂದಿಟ್ಟುಕೊಂಡು ಆ ಮನುಷ್ಯ ಕೂತೇ ಬಿಟ್ಟರು. ಪೀರಾಂಬಿ ತಡೆದಳು. ಅವಳು ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪು ಅದೇ ಎಂದು ಮುಂದೆ ಅವಳೇ ಹೇಳಿಕೊಂಡಳಂತೆ. ತಡೆದದ್ದು ಸೋಮಾರಿತನದಿಂದಲ್ಲ, ಭಯದಿಂದ. ಗಂಡನಿಗೆ ಕೊಟ್ಟ ಆಣೆ ಒಂದು ಕಡೆ. ಇನ್ನೊಂದು ಕಡೆ, ಹುಟ್ಟಿನಿಂದ ಸೆರಗು ಜಾರಗೊಡದೆ ಬದುಕಿದವಳು ಆ ದೊಡ್ಡ ಮೈದಾನದಲ್ಲಿ, ಎಲ್ಲರೂ ಉಟ್ಟು ನಿಂತಿರುವಾಗ, ತಾನೊಬ್ಬಳೇ ಬೆತ್ತಲೆ ನಿಲ್ಲುವುದು.

ಹಾಗೆ ತಡೆದ ದಿನಗಳಲ್ಲೇ ಮಾಗಿಯ ಗಾಳಿ ತಿರುಗಿತು. ಒಂದು ಬೆಳಗ್ಗೆ ನೀಲವ್ವ ಆ ಹರಕು ಸೀರೆಯುಟ್ಟು ಪೀರಾಂಬಿಯ ಬಾಗಿಲಿಲ್ಲದ ಮನೆಯೆದುರು ಬಂದು ನಿಂತಳು. ತಾಯಿ ಸೀರೆಯನ್ನು ಮಗಳಿಗೆ ಸುತ್ತಿ, ತಾನು ಬರಿಮೈಯಲ್ಲಿ ಬಂಡೆಗೆ ಒರಗಿ ಕೂತವಳು ಹಾಗೇ ಸೆಟೆದುಹೋಗಿದ್ದಳು. ಪೀರಾಂಬಿ ಸೊಂಟದ ಕೀಲಿ ತೆಗೆದಳು. ಈಗ ಬಾಗಿಲು ತೆರೆಯಲು ಯಾರನ್ನೂ ಕೇಳಬೇಕಾಗಿರಲಿಲ್ಲ, ಗುರವ್ವ ದಿಕ್ಕಿಲ್ಲದೆ ಸತ್ತಿದ್ದಳಲ್ಲ. ಕಲ್ಲು ಹೇಳಿದಂತೆ ಐದು ತುಂಡು ಬಟ್ಟೆ ಹರಿದು ಗವಿಗೆ ಒಯ್ದಳು. ಹೆಣವನ್ನು ತೊಳೆದು ಒಂದೊಂದಾಗಿ ಸುತ್ತಿದಳು. ಎದೆಗೆ ಒಂದು, ಸೊಂಟಕ್ಕೆ ಒಂದು, ತಲೆಗೆ ಒಂದು, ಮೈತುಂಬ ಎರಡು. ಕೋರಾ ಬಟ್ಟೆ ದಪ್ಪವಾಗಿತ್ತು, ಬೆಚ್ಚಗಿತ್ತು. ಗವಿಯ ಹೆಂಗಸರು ನಡುಗುತ್ತ ಕೂತು ಹೆಣ ಬೆಚ್ಚಗಾಗುವುದನ್ನು ನೋಡಿದರು.

“ಬೂಬವ್ವಾ,” ಎಂದಳು ನೀಲವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂದೇ ಕೇಳಿದಳು. “ಈ ಐದರಾಗ ಒಂದ ನಿನ್ನೆ ಕೊಟ್ಟಿದ್ರ ನಮ್ಮವ್ವ ಇರ್ತಿದ್ದಳಲ್ಲ?”

ಕೂಸಿನ ತಾಯಿ ಮೂಲೆಯಿಂದ ಕೇಳಿದಳು: “ನಾವು ಸತ್ರ ನಮಗೂ ಹಿಂಗ ಐದೈದು ಕೊಡ್ತೀರೇನ್ರೀ?”

ಪೀರಾಂಬಿ ಆ ದಿನ ಗುಡ್ಡ ಇಳಿದದ್ದು ಹೇಗೆಂದು ಅವಳಿಗೇ ನೆನಪಿಲ್ಲ. ಸತ್ತ ಯಾಕೂಬನನ್ನು ಬೈದಳು, ಸತ್ತ ಗಂಡನನ್ನು ಬೈದಳು, ಆಮೇಲೆ ಬಾಯಿ ತಪ್ಪಿ ದೇವರನ್ನೂ ಬೈದು, ಗಾಬರಿಯಾಗಿ ಕೆನ್ನೆಗೆ ಹೊಡೆದುಕೊಂಡಳು. ಕಾಜಿಯ ಅಂಗಳಕ್ಕೆ ಬಂದವಳೇ ಕೀಲಿಯನ್ನು ಅವರ ಮುಂದೆ ಎಸೆದಳು.

“ಇದನ್ನ ನೀವ ಇಟಗೊಳ್ರಿ. ನಾನು ಹೋಗಿ ಬಾಗಲಾ ಒಡೀತೀನಿ. ಕೀಲಿ ನನ್ನ ಸೊಂಟದಾಗ ಇದ್ರ ವಿಶ್ವಾಸಘಾತ ಆಗ್ತೈತಿ. ಇಲ್ಲದಿದ್ರ ಬರೇ ಕಳವು. ಕಳ್ಳಿ ಅನಿಸಿಕೊಳ್ಳಾಕ ನಾನು ತಯಾರದೀನಿ.”

ಕಾಜಿ ಕೀಲಿಯನ್ನು ಎತ್ತಿ ತಿರುಗಿ ಅವಳ ಕೈಗೇ ಕೊಟ್ಟರು. ಅವರ ಕಣ್ಣು ಹೊಗೆ ಹಿಡಿದವರ ಹಾಗೆ ಕೆಂಪಾಗಿತ್ತು. “ಒಡೀಬ್ಯಾಡ್ರಿ. ಬದುಕಿದ್ದಾಗ ತಮ್ಮ ಕಫನ್ ತಾವು ತಗೊಂಡ ಇಟ್ಟುಕೊಳ್ಳೋದು ನಮ್ಮಲ್ಲಿ ತಪ್ಪಲ್ಲ. ನೀವೂ ಇಟ್ಟೀರಿ, ನಾನೂ ಇಟ್ಟೀನಿ. ಆ ಹೆಣ್ಮಕ್ಕಳೂ ದಿಕ್ಕಿಲ್ಲದವರು. ಅವರವರ ಕಫನ್ ಅವರ ಕೈಯಾಗ ಕೊಡ್ರಿ, ಅದು ಅವರ ಪಾಲು. ಸಾಯೋತನಕ ಅದನ್ನ ಪೆಟ್ಟಿಗ್ಯಾಗ ಇಡ್ತಾರೋ ಮೈಮ್ಯಾಲ ಇಡ್ತಾರೋ ಅದನ್ನ ನಾನು ಕೇಳಂಗಿಲ್ಲ. ಆದ್ರ ಮಾರಬಾರದು, ಬ್ಯಾರೆಯವರಿಗೆ ಕೊಡಬಾರದು. ಸತ್ತಾಗ ಅದು ಅವರ ಜೋಡೀನ ಮಣ್ಣಿಗೆ ಹೋಗಬೇಕು.”

“ಕಲ್ಲಿನ ಕಡೀ ಸಾಲು?” ಎಂದು ಕೇಳಿದಳು ಪೀರಾಂಬಿ.

“ಅದಕ್ಕ ನನ್ನ ಹತ್ರ ಉತ್ತರ ಇಲ್ಲ, ಆಪಾ. ಹುಡುಕಿದೆ. ಸಿಗಲಿಲ್ಲ.”

ಉತ್ತರ ಸಿಗದ ಆ ಸಾಲನ್ನು ತಲೆಯ ಮೇಲೆ ಹೊತ್ತುಕೊಂಡೇ ಪೀರಾಂಬಿ ಬಟ್ಟೆಯ ಗಂಟನ್ನು ಗುಡ್ಡಕ್ಕೆ ಹತ್ತಿಸಿದಳು. ಆದರೆ ಅವಳು ಯೋಚಿಸದೇ ಇದ್ದದ್ದು ಅಲ್ಲಿ ಕಾದಿತ್ತು. ಗಂಟು ಬಿಚ್ಚಿದಾಗ ಒಬ್ಬಳೂ ಕೈ ಚಾಚಲಿಲ್ಲ. ಈಗ ತಾನೆ ಗುರವ್ವನಿಗೆ ಸುತ್ತಿದಂಥದೇ ಬಟ್ಟೆ ಅದು. ಹೆಣದ ಅರಿವೆ. ಅದನ್ನು ಮೈಗೆ ಸುತ್ತಿಕೊಂಡರೆ ಸಾವು ಗುರುತು ಹಿಡಿದು ಬರುತ್ತದೆ ಎಂದು ಒಬ್ಬಳು ಗೋಡೆಗೆ ತಿರುಗಿ ಕೂತಳು. ಗಂಡ ಎಲ್ಲೋ ಬದುಕಿರಬಹುದೆಂದು ನಂಬಿದ್ದ ಇನ್ನೊಬ್ಬಳು, ಬಿಳಿಯುಟ್ಟರೆ ನಾನೇ ಅವನನ್ನು ಕೊಂದಂತೆ ಎಂದು ಅತ್ತಳು. ಕಾಜಿಯ ಕಾನೂನು ಬಾಗಿಲು ತೆಗೆದಿತ್ತು. ಈ ಹೆಂಗಸರ ಅಂಜಿಕೆಗೆ ಯಾವ ಕಿತಾಬಿನಲ್ಲೂ ಕೀಲಿಯಿರಲಿಲ್ಲ. ಬಟ್ಟೆ ಕಾಲ ಬಳಿ ಬಿದ್ದಿತ್ತು, ಅವರು ಬರಿಮೈಯಲ್ಲಿ ನಡುಗುತ್ತಿದ್ದರು. ಪೀರಾಂಬಿ ಕೈಮುಗಿದಳು, ರೇಗಿದಳು, ಬೈದಳು. ಕೂಸು ಅಳುವುದನ್ನೂ ನಿಲ್ಲಿಸಿತ್ತು. ಇವರು ಇಲ್ಲೇ ಒಬ್ಬೊಬ್ಬರಾಗಿ ಮುಗಿಯುತ್ತಾರೆ, ತಾನು ಐದೈದು ತುಂಡು ಹರಿಯುತ್ತ ಕೂರುತ್ತೇನೆ ಎಂದು ಅವಳಿಗೆ ಖಚಿತವಾಯಿತು.

ಮರುದಿನ ಹೊತ್ತೇರುವಾಗ ಅವಳು ತನ್ನ ಪೆಟ್ಟಿಗೆಯ ತಳದ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದಳು. ಬಂಡೆಯ ಮರೆಗೆ ಹೋಗಿ ಮೈಮೇಲಿನ ಸೀರೆ ಕುಪ್ಪಸಗಳನ್ನು ಬಿಚ್ಚಿ ಗಂಡ ಬದುಕಿರುವ ಆಸೆಯಲ್ಲಿದ್ದವಳ ಕಡೆಗೆ ಎಸೆದಳು. ಹೆಣಕ್ಕೆ ಸುತ್ತುವಂತೆಯೇ, ಗಂಟಿಲ್ಲದೆ ಹೊಲಿಗೆಯಿಲ್ಲದೆ, ತನ್ನ ಐದೂ ತುಂಡುಗಳನ್ನು ಸುತ್ತಿಕೊಂಡು ಹೊರಗೆ ಬಂದಳು. ಜಮ್‌ಜಮ್ಮಿನ ಬಟ್ಟೆ ಹಳದಿಗಟ್ಟಿತ್ತು, ಕರ್ಪೂರ ನಾರುತ್ತಿತ್ತು. ಒಳಗಿದ್ದವರು ಕಿರುಚಿ ಹಿಂದೆ ಸರಿದರು.

“ನೋಡ್ರಿ, ನಾನು ಸತ್ತಾಕಿ,” ಎಂದಳು ಪೀರಾಂಬಿ. “ಸತ್ತಾಕಿಗೆ ಹಸಿವ ಆಗೇತಿ. ಅಂಬಲಿ ಕುಡಿಯಾಕ ಹೊಂಟೀನಿ. ಯಾರ್ ಬರ್ತೀರಿ?”

ಯಾರೂ ಏಳಲಿಲ್ಲ. ಅವಳು ಒಂದು ಗಡಿಗೆ ಹಿಡಿದು ಒಬ್ಬಳೇ ಇಳಿದಳು. ಅರ್ಧ ಇಳಿಜಾರಿನಲ್ಲಿ ಹಿಂದೆ ಕಲ್ಲು ಉರುಳಿದ ಸದ್ದಾಯಿತು. ನೀಲವ್ವ ಬರುತ್ತಿದ್ದಳು. ತಾಯಿಯ ಹರಕು ಸೀರೆಯನ್ನು ಇನ್ನೊಬ್ಬಳಿಗೆ ಕೊಟ್ಟು, ತನ್ನ ಪಾಲಿನ ಕೋರಾ ಬಟ್ಟೆಯನ್ನು ಅಡ್ಡಾದಿಡ್ಡಿ ಸುತ್ತಿಕೊಂಡಿದ್ದಳು. ಅವಳ ಹಿಂದೆ ಕೂಸಿನ ತಾಯಿ. ಆಮೇಲೆ ಗವಿಯ ಬಾಯಿಂದ ಒಬ್ಬರ ಹಿಂದೆ ಒಬ್ಬರು ಬಿಳಿ ಬಿಳಿಯಾಗಿ ಹೊರಟರು. ಆ ಹೊತ್ತು ಹೊಲದಲ್ಲಿದ್ದವರು ಗೋರಿಗಳೇ ಎದ್ದು ಬಂದವೆಂದು ಊರಿಗೆ ಓಡಿದರಂತೆ. ಓಣಿಯಲ್ಲಿ ಮಕ್ಕಳು ಚೀರಿದರು. ಪೀರಾಂಬಿಯ ಮಗ ಅಡ್ಡ ಬಂದು, “ಅಮ್ಮೀ, ಊರ ಮುಂದ ಹೆಣ ಆಗಿ ನಿಂತಿಯಲ್ಲ!” ಎಂದು ಹಣೆ ಬಡಿದುಕೊಂಡ. ಅವಳು ಅವನನ್ನು ಬಳಸಿಕೊಂಡು ಮುಂದೆ ಹೋದಳು. ಅಂಬಲಿ ಹಾಕುವವನ ಕೈಯಿಂದ ಸೌಟು ಹಂಡೆಯೊಳಗೆ ಬಿತ್ತು. ಕಾಜಿಯೇ ಎದ್ದು ಬಂದು ತೋಳು ಮಡಿಸಿ, ಸೌಟು ತೆಗೆದು, ಬಂದವರ ಮುಖ ನೋಡದೆ, ಗಡಿಗೆಗಳನ್ನಷ್ಟೇ ನೋಡುತ್ತ ಅಂಬಲಿ ಬಡಿಸಿದರು.

ಆ ಮಾಗಿ ಅಷ್ಟಕ್ಕೇ ಮುಗಿಯಲಿಲ್ಲ. ಸುದ್ದಿ ಹೊಳೆಯಾಚೆಗೆ ಹೋಗಿ ಇನ್ನಷ್ಟು ಹೆಂಗಸರು ಬಂದರು, ಆಮೇಲೆ ಮತ್ತಷ್ಟು. ಸತ್ತವರು ಉಟ್ಟ ಬಟ್ಟೆಯಲ್ಲೇ ಮಣ್ಣಿಗೆ ಹೋದರು. ಕಾಜಿಯ ಮಾತನ್ನು ಒಬ್ಬರೂ ಮೀರಲಿಲ್ಲ. ಕೋಣೆಯ ಹಲಗೆಗಳು ಬರಿದಾದವು. ನೇಯಲು ಮಗ್ಗವಿರಲಿಲ್ಲ. ಕಡೆಗೆ ಬಂದವರಿಗೆ ಪೀರಾಂಬಿ ತನ್ನ ಮೈಮೇಲಿನದನ್ನೇ ಕೊಡತೊಡಗಿದಳು. ಮೊದಲು ತಲೆಯದು, ಆಮೇಲೆ ಎದೆಯದು, ಹಾಗೇ ಒಂದೊಂದು. ತನ್ನದು ವಕ್ಫಿನದಲ್ಲ, ತನ್ನ ಸ್ವಂತದ್ದು, ಯಾರಿಗೆ ಬೇಕಾದರೂ ಕೊಡಬಹುದು ಎಂದು ಅವಳ ಲೆಕ್ಕ. ಐದನೆಯದೂ ಹೋದಾಗ ಗೋಣಿಯೊಂದನ್ನು ಹರಿದು ಮೈಗೆ ಸುತ್ತಿಕೊಂಡಳು. ಮಗ ತನ್ನ ಪಂಜೆ ಬಿಚ್ಚಿಕೊಡಲು ಬಂದರೆ ನಿನ್ನ ಹೆಂಡತಿಗೆ ಕೊಡು ಎಂದು ಗದರಿ ಕಳಿಸಿದಳು. ಚಳಿ ಅವಳ ಎದೆಗೆ ಇಳಿಯಿತು. ನೀಲವ್ವ ಅವಳ ಬಳಿ ಇದ್ದು ಅಂಗಾಲು ತಿಕ್ಕುತ್ತಿದ್ದಳು.

“ಅಲ್ಲಿ ಎಲ್ಲಾರಿಗೂ ಬಟ್ಟಿ ಕೊಡುವಾಗ ನನ್ನ ಹೆಸರ ಕರೆಯಂಗಿಲ್ಲ, ಮಗಳ,” ಎಂದು ಪೀರಾಂಬಿ ಕನವರಿಸುವವಳಂತೆ ಹೇಳಿದಳು. “ಹಿಂದಿನ ಸಾಲಿನ್ಯಾಗ ನಿಂದರ್ತೀನಿ. ಯಾರಿಗೂ ಕಾಣದಂಗ.”

ನೀಲವ್ವನಿಗೆ ಕಿಯಾಮತ್ತು ಗೊತ್ತಿರಲಿಲ್ಲ. ಬೆತ್ತಲೆ ನಿಲ್ಲುವುದು ಗೊತ್ತಿತ್ತು. ಅವಳು ಅಂಗಾಲು ತಿಕ್ಕುತ್ತಲೇ ಇದ್ದಳು. ಚಳಿ ಇಳಿಯುವ ಹೊತ್ತಿಗೆ ಪೀರಾಂಬಿ ತೀರಿಕೊಂಡಳು.

ಊರಿಗೆಲ್ಲ ಕಫನ್ ಹರಿದುಕೊಟ್ಟವಳಿಗೆ ಊರಲ್ಲಿ ಒಂದು ಗೇಣು ಬಟ್ಟೆಯಿರಲಿಲ್ಲ. ಕಾಜಿ ತಮ್ಮದನ್ನು ಕೊಡಬೇಕೆಂದರೆ ಅದು ಎಂದೋ ಒಬ್ಬ ಹಸಿಬಾಣಂತಿಗೆ ಹೋಗಿತ್ತು. ಹೆಣ ಹೊರಲು ಹಲಗೆಯೂ ಇಲ್ಲದೆ, ಊರಿಗೆಲ್ಲ ಉಳಿದ ಒಂದೇ ಬಾಗಿಲನ್ನು, ಆ ಕೋಣೆಯ ಬಾಗಿಲನ್ನು, ಕಿತ್ತು ತಂದರು. ಯಾಕೂಬನ ತಮ್ಮನಂತೆ ಇವಳೂ ಗೋಣಿಯಲ್ಲೇ ಹೋಗುತ್ತಾಳೆಂದು ಎಲ್ಲರೂ ಸುಮ್ಮನೆ ನಿಂತಿದ್ದಾಗ ಗುಡ್ಡದ ಕಡೆಯಿಂದ ಪರ್ರೆಂಬ ಸದ್ದು ಕೇಳಿತು. ಮತ್ತೊಂದು, ಮಗದೊಂದು. ಬಿಳಿಯುಟ್ಟ ಹೆಂಗಸರು ಒಬ್ಬೊಬ್ಬರೂ ತಂತಮ್ಮ ಅಂಚನ್ನು ಹಲ್ಲಿನಿಂದ ಕಚ್ಚಿ, ಬೆರಳಗಲದ ಪಟ್ಟಿ ಹರಿದುಕೊಂಡು ಬಂದರು. ನೀಲವ್ವ ತನ್ನ ಪಟ್ಟಿಯನ್ನು ಕಾಜಿಯ ಮುಂದೆ ಹಿಡಿದಳು.

“ಬ್ಯಾರೆಯವರಿಗೆ ಕೊಡಬಾರದಂತ ಹೇಳಿದ್ರಿ,” ಎಂದಳು. “ಇವರು ಬ್ಯಾರೆಯವರೇನ್ರೀ?”

ಕಾಜಿ ನೂರುಲ್ಲಾ ಸಾಹೇಬರು ಸಭೆಯೆದುರು ಅತ್ತದ್ದು ಅಂದು ಒಂದೇ ಸಲವಂತೆ. “ನಿಮ್ಮ ಕಫನ್ ನಿಮ್ಮ ಜೋಡಿ ಮಣ್ಣಿಗೆ ಹೋಗಬೇಕು ಅಂದಿದ್ದೆ,” ಎಂದರು. “ಒಂದೊಂದು ಚೂರು ಮುಂಚೆ ಹೋಗಲಿ.” ಪಟ್ಟಿಗಳನ್ನು ಹೊಲಿಯುವಂತಿಲ್ಲ, ಗಂಟು ಹಾಕುವಂತಿಲ್ಲ. ಹೆಂಗ‌ಸರು ಗೋಣಿ ತೆಗೆದು ಅವಳ ಮೈಯ ಮೇಲೆ ಪಟ್ಟಿಯ ಪಕ್ಕದಲ್ಲಿ ಪಟ್ಟಿ ಇಡುತ್ತ ಹೋದರು. ತಲೆಯಿಂದ ಕಾಲಿನವರೆಗೆ ಎಲ್ಲಿಯೂ ಮೈ ಕಾಣದಂತೆ ಮುಚ್ಚಿದ ಮೇಲೆ, ಗಾಳಿಗೆ ಹಾರದಿರಲೆಂದು ಸುತ್ತಲೂ ಕೈ ಊರಿಕೊಂಡೇ ಗುಡ್ಡದ ನೆತ್ತಿಗೆ ಹೊತ್ತೊಯ್ದರು.

ಮಣ್ಣು ಮುಗಿದ ಮೇಲೆ ಎಲ್ಲರೂ ಇಳಿದರು. ನೀಲವ್ವ ಮಾತ್ರ ಬಾಗಿಲಿಲ್ಲದ ಆ ಕೋಣೆಯ ಮುಂದೆ ನಿಂತು, ಶಾಪದ ಸಾಲು ಯಾವುದೆಂದು ಕಾಜಿಯನ್ನು ಕೇಳಿದಳು. ಅವರು ಬೆರಳಿಟ್ಟು ತೋರಿಸಿದರು. ಅವಳು ಗಡಿಗೆಯ ನೀರಿನಲ್ಲಿ ಅಂಗೈ ಅದ್ದಿ ಆ ಸಾಲನ್ನು ತಿಕ್ಕತೊಡಗಿದಳು. ಅಂಗೈ ಸುಲಿದು ಕಲ್ಲು ಕೆಂಪಾದರೂ ಅಕ್ಷರ ಹೋಗಲಿಲ್ಲ. ಕಾಜಿ ಅವಳನ್ನು ತಡೆಯಲಿಲ್ಲ.

ಇಂದಿಗೂ ಮಾಗಿಯ ಶುಕ್ರವಾರಗಳಂದು ಬಿಳಿಯುಟ್ಟವ್ವನ ಗುಡ್ಡಕ್ಕೆ ಎಲ್ಲ ಜಾತಿಯ ಹೆಂಗಸರೂ ಬರುತ್ತಾರೆ. ಗೋರಿಗೆ ಹಸಿರು ಚಾದರವಿಲ್ಲ, ಜರಿಯಿಲ್ಲ. ತಂತಮ್ಮ ಸೆರಗಿನ ಅಂಚಿನಿಂದ ಹರಿದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು, ಮೇಲೊಂದು ಹರಳುಕಲ್ಲು ಇಡುತ್ತಾರೆ. ಇಳಿಯುವಾಗ ಕೋಣೆಯ ಬಳಿ ನಿಂತು, ಕೈ ಒದ್ದೆ ಮಾಡಿಕೊಂಡು, ಕಲ್ಲಿನ ಕಡೆಯ ಸಾಲನ್ನು ಒಮ್ಮೆ ಒರೆಸುತ್ತಾರೆ. ಪಾರಸಿ ಬಲ್ಲವರು ಮೇಲಿನ ಸಾಲುಗಳನ್ನು ಈಗಲೂ ಸಲೀಸಾಗಿ ಓದುತ್ತಾರೆ. ಕೆಳಗಿನ ಸಾಲು ಇರುವ ಕಡೆ ಕಲ್ಲು ನುಣ್ಣಗಾಗಿ ಹೊಳೆಯುತ್ತದೆ, ಅಲ್ಲಿ ಒಂದು ಅಕ್ಷರವೂ ಉಳಿದಿಲ್ಲ. ಅಳಿಸಲು ಏನೂ ಇಲ್ಲವಲ್ಲ, ಇನ್ನೂ ಯಾಕೆ ಒರೆಸುತ್ತೀರಿ ಎಂದು ಬಂದವರು ಕೇಳುವುದುಂಟು. ಹೆಂಗಸರು ಕೈಯನ್ನು ಮತ್ತೊಮ್ಮೆ ನೀರಿನಲ್ಲಿ ಅದ್ದುತ್ತಾರೆ.